ಮಂಗಳೂರಿನ ಲೆಕ್ಕಪತ್ರ ಕೈರೋದಲ್ಲಿ

ಪ್ರಶ್ನೆ: ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದನೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇದಕ್ಕೆ ಆಧಾರವಿದೆಯೇ? ಇದ್ದರೆ ನಮ್ಮಂಥವರು ನೋಡಬಹುದೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಆಧಾರವಿದೆ, ಅದೂ ಅವನದೇ ಕೈಬರಹದಲ್ಲಿ. ಹೆಸರು ಅಬ್ರಹಾಂ ಬೆನ್ ಯಿಜು, ಟುನೀಶಿಯಾದ ಮಹ್ದಿಯಾ ಊರಿನವನು. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ 1132ರ ಅಕ್ಟೋಬರ್‌ನದು; ಬರೆದ ಊರು ಮಂಗಳೂರು. ಅವನು ಈ ಕರಾವಳಿ ಬಿಟ್ಟು ಯೆಮನ್ನಿನ ಬಂದರಾದ ಏಡನ್ನಿಗೆ ಮರಳಿದ್ದು 1149ರಲ್ಲಿ. ಅಡಿಕೆ, ಕರಿಮೆಣಸು, ಏಲಕ್ಕಿ, ಕಬ್ಬಿಣ ಇಲ್ಲಿಂದ ಏಡನ್ನಿಗೆ ಹೋಗುತ್ತಿದ್ದವು. ಅಲ್ಲಿಂದ ಒಡೆದ ತಾಮ್ರದ ಪಾತ್ರೆಗಳು ಬರುತ್ತಿದ್ದವು, ಇವನ ಕಾರ್ಖಾನೆಯಲ್ಲಿ ಕರಗಿ ಹೊಸ ಪಾತ್ರೆಗಳಾಗಿ ವಾಪಸಾಗುತ್ತಿದ್ದವು. ಈ ವ್ಯವಹಾರಕ್ಕಾಗಿ ಏಡನ್ನಿಗೆ ಹೋಗುತ್ತಿದ್ದ ದಾಸನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ಅವನ ಕೈಗೆ ಕೊಟ್ಟ ಹಣವನ್ನೂ ಏಡನ್ನಿನ ಸಾಹುಕಾರ ಮದ್ಮೂನ್ ಬರೆದಿಟ್ಟಿದ್ದಾನೆ. ರಾಜರ ಶಾಸನಗಳಲ್ಲಿ ಇಂಥ ಬೊಮ್ಮಂದಿರು ಎಷ್ಟು ಮಂದಿ ಸಿಗುತ್ತಾರೆ, ಹೇಳಿ!

ಇವೆಲ್ಲ ಉಳಿದದ್ದು ಯಾರೂ ಆರಿಸಿ ಇಟ್ಟಿದ್ದರಿಂದಲ್ಲ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬುದು ಯಹೂದಿಗಳ ನಿಯಮ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನವರು (ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ) ಅದನ್ನು ಧಾರಾಳವಾಗಿ ಪಾಲಿಸಿದರು: ಹೀಬ್ರೂ ಅಕ್ಷರವಿದ್ದರೆ ಸಾಕು, ಅಂಗಡಿ ಲೆಕ್ಕವಾದರೂ ಸರಿ, ಗೆನಿಜಾ ಎಂಬ ಕೋಣೆಗೆ ಹಾಕಿದರು. ಬೆನ್ ಯಿಜು ಬರೆಯುತ್ತಿದ್ದುದು ಅರಬ್ಬಿ ಭಾಷೆಯನ್ನು, ಹೀಬ್ರೂ ಲಿಪಿಯಲ್ಲಿ. ಕೊನೆಗೆ ನೆಲೆಸಿದ್ದು ಈಜಿಪ್ಟಿನಲ್ಲಿ. ಹೀಗಾಗಿ ಅವನ ಕಾಗದಗಳೂ ಆ ಕೋಣೆ ಸೇರಿದವು. ಇಲ್ಲಿ ಕಾಗದ ಸಿಗುತ್ತಿರಲಿಲ್ಲ, ಏಡನ್ನಿನ ಸ್ನೇಹಿತರು ಉಡುಗೊರೆಯಾಗಿ ಕಳಿಸುತ್ತಿದ್ದರು. ಆದ್ದರಿಂದ ಬಂದ ಪತ್ರದ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆದ. ನಮ್ಮ ಸೆಕೆಗೂ ಗೆದ್ದಲಿಗೂ ಸಿಕ್ಕಿದ್ದರೆ ಎರಡು ಮಳೆಗಾಲವೂ ದಾಟುತ್ತಿರಲಿಲ್ಲ.

1896–97ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ವಾಂಸ ಸಾಲಮನ್ ಶೆಕ್ಟರ್ ಅಲ್ಲಿನ ಹಿರಿಯರ ಒಪ್ಪಿಗೆ ಪಡೆದು ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ಉಳಿದವು ದಲ್ಲಾಳಿಗಳ ಕೈಯಿಂದ ಹತ್ತಾರು ಊರುಗಳಿಗೆ ಚದುರಿದವು. ಅಶುವಿನ ಬಿಡುಗಡೆ ಪತ್ರ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. 1148ರಲ್ಲಿ ಬೆನ್ ಯಿಜುವಿಗೆ ಬಂದ ಇನ್ನೊಂದು ಪತ್ರ ಜೆರುಸಲೇಮಿನಲ್ಲಿ. ಒಯ್ದದ್ದು ನ್ಯಾಯವೇ ಎಂದು ಕೆಲವರು ಕೇಳುತ್ತಾರೆ. ನನ್ನ ಸಿಟ್ಟು ಒಯ್ದವರ ಮೇಲಲ್ಲ, ಒಂದೇ ಕಟ್ಟನ್ನು ಬಿಡಿಬಿಡಿಯಾಗಿ ಮಾರಿದವರ ಮೇಲೆ. ಭಾರತದ ವ್ಯಾಪಾರದ ಪತ್ರಗಳನ್ನು ಹುಡುಕಿ ಜೋಡಿಸುವುದರಲ್ಲಿ ಇತಿಹಾಸಕಾರ ಎಸ್. ಡಿ. ಗೋಯ್ಟೈನ್ ದಶಕಗಳನ್ನೇ ಕಳೆದರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್ಮನ್ ಆ ಕೆಲಸ ಮುಂದುವರಿಸಿದರು. ಆ ಪತ್ರಗಳ ಇಂಗ್ಲಿಷ್ ಸಂಪುಟ ಬಂದದ್ದು 2008ರಲ್ಲಿ.

ನೋಡಲು ವೀಸಾ ಬೇಕಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಜಾಲತಾಣದಲ್ಲಿ ಬೆನ್ ಯಿಜು ಎಂದು ಇಂಗ್ಲಿಷಿನಲ್ಲಿ ಹುಡುಕಿ. ಕೇಂಬ್ರಿಜ್‌ನ ಡಿಜಿಟಲ್ ಗ್ರಂಥಾಲಯದಲ್ಲಿ ಚಿತ್ರಗಳು ಉಚಿತ. ಪ್ರತಿ ತುಣುಕಿಗೂ ಒಂದು ಕಪಾಟು ಸಂಖ್ಯೆ, ಅಂದರೆ ಗ್ರಂಥಾಲಯ ಕೊಟ್ಟ ಗುರುತು ಸಂಖ್ಯೆ, ಇರುತ್ತದೆ. ಮೊದಲು ಅದನ್ನು ಬರೆದುಕೊಳ್ಳಿ. ಇಲ್ಲವಾದರೆ ಮರುದಿನ ಅದೇ ಚೂರನ್ನು ಹುಡುಕುತ್ತ ಇಡೀ ಮಧ್ಯಾಹ್ನ ಕಳೆಯುತ್ತೀರಿ.