ಓದುಗರ ಪ್ರಶ್ನೆ: ಅಜ್ಜನ ಡಬ್ಬಿಯ ಬಾಗಿದ ಸೂಜಿ

ಪ್ರಶ್ನೆ: ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ನರ್ಸಿಂಗ್ ಆರ್ಡರ್ಲಿ ಆಗಿದ್ದರು. ಅವರ ಸಿಗರೇಟ್ ಡಬ್ಬಿಯಲ್ಲಿ ಹಿಂಡಿ ಚಪ್ಪಟೆಯಾದ ಟೂತ್‌ಪೇಸ್ಟ್ ಟ್ಯೂಬಿನಂಥ ಪುಟ್ಟ ಲೋಹದ ಕೊಳವೆ ಸಿಕ್ಕಿದೆ. ತುದಿಯ ಸೂಜಿ ಕೊಕ್ಕೆಯಂತೆ ಬಾಗಿದೆ. ‘ಸಿಪಾಯಿಯ ಕಾಲರಿನಿಂದ ತೆಗೆದದ್ದು’ ಅನ್ನುತ್ತಿದ್ದರಂತೆ. ಇಂಜೆಕ್ಷನ್ನಿಗೂ ಕಾಲರಿಗೂ ಏನು ಸಂಬಂಧ?
— ಓದುಗರೊಬ್ಬರು, ಮಾಟುಂಗಾ

ಉತ್ತರ: ವರ್ಣನೆ ನೋಡಿದರೆ ಅದು ಮಾರ್ಫಿನ್ ಸಿರೆಟ್: ಸೂಜಿಯ ಸಮೇತ ಬರುತ್ತಿದ್ದ, ಒಂದೇ ಡೋಸ್ ನೋವುನಿವಾರಕ ತುಂಬಿದ ಟ್ಯೂಬು. ಅಮೆರಿಕದ ಸ್ಕ್ವಿಬ್ ಕಂಪನಿಯ ಸಿರೆಟ್‌ನಲ್ಲಿ ಅರ್ಧ ಗ್ರೇನ್, ಅಂದರೆ ಸುಮಾರು 32 ಮಿಲಿಗ್ರಾಂ ಮಾರ್ಫಿನ್ ಟಾರ್ಟ್ರೇಟ್ ಇರುತ್ತಿತ್ತು. ಸೂಜಿಯೊಳಗೆ ಒಂದು ತಂತಿ, ಅದರ ಹೊರತುದಿಗೆ ಕುಣಿಕೆ. ತಂತಿಯನ್ನು ಒಳಕ್ಕೆ ಒತ್ತಿದರೆ ಟ್ಯೂಬಿನ ಮೊಹರು ಒಡೆಯುತ್ತದೆ. ಆಮೇಲೆ ತಂತಿ ಎಳೆದು ಬಿಸಾಡಿ, ಸೂಜಿಯನ್ನು ಓರೆಯಾಗಿ ಚರ್ಮದಡಿ ಚುಚ್ಚಿ, ಟ್ಯೂಬನ್ನು ಬುಡದಿಂದ ಹಿಂಡುತ್ತ ಬರಬೇಕು. ಕತ್ತಲಲ್ಲಿ, ಕೆಸರಲ್ಲಿ, ಕುದಿಸಿದ ಸಿರಿಂಜಿಲ್ಲದೆ ಕೊಡಬಹುದಾಗಿದ್ದ ಮದ್ದು.

ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೇ ಸಿಕ್ಕಿಸುವುದು ರೂಢಿ. ‘ಇವನಿಗೆ ಒಂದು ಡೋಸ್ ಆಗಿದೆ’ ಎಂದು ಮುಂದಿನವನಿಗೆ ತಿಳಿಯಬೇಕಲ್ಲ. ರಕ್ತ ಹೋಗಿ ಮೈ ತಣ್ಣಗಾದವನಲ್ಲಿ ಚರ್ಮದಡಿ ರಕ್ತ ಸಂಚಾರ ತೀರಾ ಕಡಿಮೆ. ಮದ್ದು ಚುಚ್ಚಿದಲ್ಲೇ ಉಳಿಯುತ್ತದೆ, ನೋವು ಇಳಿಯುವುದಿಲ್ಲ. ನೋಡಿದವರು ಇನ್ನೊಂದು ಕೊಡುತ್ತಾರೆ. ಆಮೇಲೆ ಕಂಬಳಿ ಹೊದಿಸಿ, ಪ್ಲಾಸ್ಮಾ ಏರಿಸಿ ರಕ್ತದೊತ್ತಡ ಸುಧಾರಿಸಿದಾಗ ಎರಡೂ ಡೋಸ್ ಒಟ್ಟಿಗೆ ರಕ್ತಕ್ಕೆ ನುಗ್ಗಿ ಉಸಿರಾಟವನ್ನೇ ಕುಗ್ಗಿಸುತ್ತವೆ. ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಯುದ್ಧ ಗಾಯಾಳುಗಳಲ್ಲಿ ಇದನ್ನು ಗಮನಿಸಿ 1944ರಲ್ಲಿ ಪ್ರಕಟಿಸಿದರು.

ಹಾಗಾಗಿ ಅಜ್ಜನ ಮಾತಿನಲ್ಲಿ ಹುರುಳಿದೆ. ಬಟ್ಟೆಗೆ ಸಿಕ್ಕಿಸುವಾಗ ಸೂಜಿ ಬಾಗುವುದು ಸಹಜ. ಆದರೆ ಆ ಸಿಪಾಯಿ ಯಾರು, ಬದುಕಿದನೋ ಇಲ್ಲವೋ ಎಂಬುದನ್ನು ಟ್ಯೂಬು ಹೇಳದು. ಕೇಳಿದ ಕತೆಯನ್ನು ಯಾರಿಂದ, ಯಾವಾಗ ಕೇಳಿದ್ದು ಎಂಬುದರ ಸಮೇತ ಇದ್ದ ಹಾಗೇ ಬರೆದು ಡಬ್ಬಿಯ ಜೊತೆಗಿಡಿ. ಊರು, ದಂಡು, ಕದನದ ಹೆಸರುಗಳನ್ನು ಊಹಿಸಿ ಸೇರಿಸಬೇಡಿ. ಮುಂದಿನ ತಲೆಮಾರು ಅದನ್ನೇ ನಿಜವೆಂದು ನಂಬುತ್ತದೆ.

ಸೂಜಿಯನ್ನು ನೆಟ್ಟಗೆ ಮಾಡಲು ಹೋಗಬೇಡಿ, ಮುರಿಯುತ್ತದೆ. ತುಕ್ಕು ಉಜ್ಜಬೇಡಿ. ಕಾಗದದ ಲೇಬಲ್ ಉಳಿದಿದ್ದರೆ ಮುಂಬಯಿ ಮಳೆಗಾಲವೇ ಅದರ ಶತ್ರು: ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಿಸಿದರೆ ಹೊರತೆಗೆದು, 110–120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಒಂದು ಎಚ್ಚರಿಕೆ: ಹಿಂಡದೆ ತುಂಬಿಯೇ ಇರುವ ಸಿರೆಟ್ ಇದ್ದರೆ ಅದು ನೆನಪಿನ ಕಾಣಿಕೆಯಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಮಾದಕ ವಸ್ತು. ತೆರೆಯಬೇಡಿ, ಕಸಕ್ಕೂ ಹಾಕಬೇಡಿ. ವಕೀಲರನ್ನು ಕೇಳಿ ಅಧಿಕೃತವಾಗಿ ಒಪ್ಪಿಸಿ.

ಪ್ರಶ್ನೆ: ಮನೆಯಲ್ಲಿ ರೆಡ್‌ಕ್ರಾಸ್ ತೋಳುಪಟ್ಟಿ ಇದೆ. ಕಂದು ಕಲೆ, ಬೂಷ್ಟಿನ ವಾಸನೆ. ಒಗೆಯಬಹುದೇ?
— ಓದುಗರು, ಪಿಂಪ್ರಿ, ಪುಣೆ

ಉತ್ತರ: ಬೇಡವೇ ಬೇಡ. 1929ರ ಜಿನೀವಾ ಒಪ್ಪಂದದಂತೆ ಎಡತೋಳಿನ ಪಟ್ಟಿಯನ್ನು ಸೇನಾ ಅಧಿಕಾರಿಗಳೇ ಮುದ್ರೆ ಒತ್ತಿ ಕೊಡಬೇಕಿತ್ತು. ಮಸುಕಾದ ಆ ಶಾಯಿ ಮುದ್ರೆಯೇ ಅದರ ಬೆಲೆ. ನೀರು ತಾಗಿದರೆ ಅದು ಹರಡಬಹುದು, ಶಿಲುಬೆಯ ಕೆಂಪು ಬಿಳಿಗೆ ಇಳಿಯಬಹುದು. ಕಲೆ ತೆಗೆಯಲು ಪೆರಾಕ್ಸೈಡ್ ಹಾಕಿದರೆ ಹತ್ತಿಯೇ ಸಡಿಲವಾಗುತ್ತದೆ. ಅದು ರಕ್ತದ ಕಲೆಯಾಗಿದ್ದರಂತೂ ಇರಲಿ ಬಿಡಿ.

ಪುಣೆಯ ಚಳಿಗಾಲದ ಒಣಹವೆ ಸಾಕು. ನೆರಳಲ್ಲಿ ಹರಡಿ, ಎನ್95 ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಬೂಷ್ಟನ್ನು ಬಾಲ್ಕನಿಯಲ್ಲಿ ತೆಗೆಯಿರಿ. ತುಕ್ಕು ಹಿಡಿದ ಪಿನ್ ಇದ್ದರೆ ಬಿಚ್ಚಿ ಬೇರೆ ಇಡಿ. ಗಂಜಿ ಹಾಕದ ಮಲ್ ಬಟ್ಟೆಯಲ್ಲಿ ಮಡಿಸದೆ ಸುತ್ತಿಡಿ. ಹುಳುವಿನ ಅನುಮಾನವಿದ್ದರೆ ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆ ಬೆವರುತ್ತದೆ. ಶೈತ್ಯಕ್ಕೆ ಬೂಷ್ಟು ಸಾಯುವುದಿಲ್ಲ, ನೆನಪಿರಲಿ.

ಪ್ರಶ್ನೆ: ಅಜ್ಜ ವೈದ್ಯಕೀಯ ದಳದಲ್ಲಿ ಇದ್ದದ್ದಕ್ಕೆ ದಾಖಲೆ ಎಲ್ಲಿ ಹುಡುಕಲಿ?
— ಓದುಗರು, ಗೋರೆಗಾಂವ್

ಉತ್ತರ: ಮೊದಲು ಡಿಸ್ಚಾರ್ಜ್ ಪತ್ರ ಹುಡುಕಿ, ಸೇವಾ ಸಂಖ್ಯೆಯಿಲ್ಲದೆ ಕೆಲಸ ಸಾಗುವುದು ಕಷ್ಟ. ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಶುರುವಾದದ್ದು 1943ರ ಏಪ್ರಿಲ್ 3ರಂದು. ಅದಕ್ಕಿಂತ ಮುಂಚೆ ಸೇರಿದ ಆರ್ಡರ್ಲಿಗಳ ಕಾಗದದಲ್ಲಿ ‘ಇಂಡಿಯನ್ ಹಾಸ್ಪಿಟಲ್ ಕೋರ್’ ಎಂದಿದ್ದರೆ ಗಾಬರಿ ಬೇಡ. ಸಿಪಾಯಿ ದರ್ಜೆಯವರ ವಿಚಾರಣೆ ಲಖನೌದ ಎಎಂಸಿ (ಆರ್ಮಿ ಮೆಡಿಕಲ್ ಕೋರ್) ರೆಕಾರ್ಡ್ಸ್‌ಗೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಮಡಿದವರಷ್ಟೇ ಇದ್ದಾರೆ. ಬದುಕಿ ಮನೆಗೆ ಬಂದವರನ್ನು ಅಲ್ಲಿ ಹುಡುಕಿ ಫಲವಿಲ್ಲ.

ಪ್ರಶ್ನೆ: ಡಬ್ಬಿಯಲ್ಲಿ ಕತ್ತಲಲ್ಲಿ ಹೊಳೆಯುತ್ತಿದ್ದ ಮಿಲಿಟರಿ ವಾಚೂ ಇದೆ. ಈಗ ಹೊಳೆಯುವುದಿಲ್ಲ. ರಿಪೇರಿ ಮಾಡಿಸಲೇ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಆ ಕಾಲದ ಹೊಳೆಯುವ ಬಣ್ಣ ರೇಡಿಯಂನದು. ಮಂಕಾದದ್ದು ಅದರ ಜೊತೆಗಿದ್ದ ಜಿಂಕ್ ಸಲ್ಫೈಡ್; ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಹಿಂದಿನ ಮುಚ್ಚಳ ನೀವು ತೆಗೆಯಬೇಡಿ: ಉದುರಿದ ಬಣ್ಣದ ಪುಡಿ ಉಸಿರಿಗೆ, ಬಾಯಿಗೆ ಹೋಗುವುದೇ ಅಪಾಯ. ಜಿಪ್ ಚೀಲದಲ್ಲಿ ಹಾಕಿ, ‘ರೇಡಿಯಂ’ ಎಂದು ಬರೆದು, ಮಲಗುವ ಕೋಣೆಯಿಂದ ದೂರವಿಡಿ. ರಿಪೇರಿ ಮಾಡಿಸಲೇಬೇಕೆಂದರೆ ಗಡಿಯಾರದವರಿಗೆ ಮೊದಲೇ ಹೇಳಿ.