ವೇಗ ಇದ್ದರೂ ವಿಮಾನ ಸ್ಟಾಲ್ ಆಗುತ್ತದೆ

ವಿಮಾನ ಹಾರಿಸಲು ಕಲಿಯುತ್ತಿರುವವರ ಪತ್ರಗಳನ್ನು ಈ ಸಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ: ವೇಗ ಇರುವಾಗ ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುವುದು, ಹೇಗೆ? ಇದನ್ನು 26 ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಈಗ ಬೇಸರಕ್ಕಿಂತ ಭಯವೇ ಆಗುತ್ತದೆ, ಯಾಕೆಂದರೆ ಇದನ್ನು ತಪ್ಪು ತಿಳಿದವರು ನೆಲದ ಹತ್ತಿರ ತಪ್ಪು ಮಾಡುತ್ತಾರೆ. ಅದಕ್ಕೇ ಹೆಚ್ಚಿನ ಜಾಗವನ್ನು ಅದಕ್ಕೆ ಕೊಟ್ಟಿದ್ದೇನೆ. ಲಿಫ್ಟ್ ಅಂದರೆ ಮೇಲೆತ್ತುವ ಬಲ, ಡ್ರ್ಯಾಗ್ ಅಂದರೆ ಹಿಂದಕ್ಕೆ ಜಗ್ಗುವ ಬಲ, ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಅದು ಗ್ರೌಂಡ್ ಕ್ಲಾಸಿನ ಮೊದಲ ವಾರದ ಪಾಠ.

ಪ್ರಶ್ನೆ: ಸೆಸ್ನಾ 172ಎಸ್ ವಿಮಾನದಲ್ಲಿ 14 ಗಂಟೆ ಮುಗಿಸಿದ್ದೇನೆ. ಫ್ಲಾಪ್ (ರೆಕ್ಕೆಯ ಹಿಂದಂಚಿನಿಂದ ಕೆಳಗಿಳಿಸುವ ಪಟ್ಟಿ) ಹಾಕದಿದ್ದಾಗ ಸ್ಟಾಲ್ ಸ್ಪೀಡ್ 48 ನಾಟ್ (ಗಂಟೆಗೆ ಸುಮಾರು 89 ಕಿಮೀ) ಎಂದು ಕೈಪಿಡಿಯಲ್ಲಿದೆ. ನಾನು ಯಾವತ್ತೂ 65ಕ್ಕಿಂತ ಕೆಳಗೆ ಬಿಡುವುದಿಲ್ಲ. ಆದರೂ ಇಳಿಯುವ ಮುನ್ನ ಬೇಸ್‌ನಿಂದ (ರನ್‌ವೇಗೆ ಅಡ್ಡಲಾಗಿ ಹಾರುವ ಹಂತ) ಫೈನಲ್‌ಗೆ (ರನ್‌ವೇಗೆ ನೇರ ಬರುವ ಹಂತ) ತಿರುಗುವಾಗ ನನ್ನ ಇನ್‌ಸ್ಟ್ರಕ್ಟರ್ ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) 'ಎಳೀಬೇಡ, ಎಳೀಬೇಡ' ಎಂದು ಕೂಗುತ್ತಾರೆ. 17 ನಾಟ್ ಕೈಯಲ್ಲಿರುವಾಗ ಸ್ಟಾಲ್ ಹೇಗೆ ಆಗುತ್ತದೆ ಸರ್? (ಮೈಸೂರು)

ಉತ್ತರ: ಅವರು ಕೂಗುವುದು ಸರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಅವರಿಗೆ ಕೈ ಮುಗಿಯುತ್ತಿದ್ದೆ.

ಆ 48 ಎಲ್ಲಿಂದ ಬಂತು ನೋಡಿ. ವಿಮಾನದ ತೂಕ ಗರಿಷ್ಠ, ಅಂದರೆ 2,550 ಪೌಂಡ್. ರೆಕ್ಕೆ ಸಮತಟ್ಟು. ಪವರ್ ಇಲ್ಲ. ನಿಧಾನವಾಗಿ, ಒಂದು ಜಿಯಲ್ಲಿ (ರೆಕ್ಕೆಯ ಮೇಲೆ ವಿಮಾನದ ತೂಕದಷ್ಟೇ ಭಾರ), ವೇಗ ಇಳಿಸುತ್ತಾ ಹೋದರೆ ಸುಮಾರು 48ರಲ್ಲಿ ರೆಕ್ಕೆ ಕೈಬಿಡುತ್ತದೆ. ಇದರಲ್ಲಿ ಒಂದು ಬದಲಾದರೂ ಅಂಕಿ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಸ್ಟಾಲ್ ಆಗುವ ಆಂಗಲ್ ಆಫ್ ಅಟ್ಯಾಕ್, ಅಂದರೆ ಎದುರಿನಿಂದ ಬರುವ ಗಾಳಿಗೆ ರೆಕ್ಕೆ ಎಷ್ಟು ಓರೆಯಾಗಿದೆ ಎಂಬ ಲೆಕ್ಕ. ಇಂಥ ಚಿಕ್ಕ ವಿಮಾನಗಳಲ್ಲಿ ಅದು 15ರಿಂದ 18 ಡಿಗ್ರಿ ದಾಟಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹೋಗುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ. ಅದೇ ಸ್ಟಾಲ್. ಆಗ ಮೀಟರ್ 48 ತೋರಿಸುತ್ತಿರಲಿ, 98 ತೋರಿಸುತ್ತಿರಲಿ, ರೆಕ್ಕೆಗೆ ಎರಡೂ ಒಂದೇ.

ಚಿಕ್ಕಂದಿನಲ್ಲಿ ಆಷಾಢದ ಗಾಳಿಗೆ ಪಟ ಹಾರಿಸಿದ್ದೀರಲ್ವಾ? ಸೂತ್ರ ಕಟ್ಟುವುದರಲ್ಲೇ ಎಲ್ಲಾ ಇದೆ ಎಂದು ದೊಡ್ಡವರು ಹೇಳುತ್ತಿದ್ದರು. ಸೂತ್ರ ತಪ್ಪಿ ಪಟ ಗಾಳಿಗೆ ನೇರ ಎದೆಯೊಡ್ಡಿ ನಿಂತರೆ ಏನಾಗುತ್ತದೆ? ದಾರ ಕೈ ಕುಯ್ಯುವಷ್ಟು ಜಗ್ಗುತ್ತದೆ, ಪಟ ಮಾತ್ರ ಮೇಲೇಳುವುದಿಲ್ಲ. ಗಾಳಿ ಕಡಿಮೆ ಇತ್ತೇ? ಇಲ್ಲ. ಓರೆ ಜಾಸ್ತಿ ಆಯಿತು, ಲಿಫ್ಟ್ ಹೋಗಿ ಡ್ರ್ಯಾಗ್ ಉಳಿಯಿತು. ಪಟಕ್ಕೆ ಸೂತ್ರ ಹೇಗೋ ವಿಮಾನಕ್ಕೆ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಹಲಗೆ) ಹಾಗೆ. ಯೋಕ್ ಹಿಂದಕ್ಕೆ ಎಳೆದಷ್ಟೂ ಓರೆ ಜಾಸ್ತಿ.

ಈಗ ನಿಮ್ಮ ತಿರುವಿಗೆ ಬರೋಣ. ಎತ್ತರ ಬಿಡದೆ ತಿರುಗಬೇಕಾದರೆ ರೆಕ್ಕೆ ವಿಮಾನದ ತೂಕಕ್ಕಿಂತ ಜಾಸ್ತಿ ಲಿಫ್ಟ್ ಕೊಡಬೇಕು. ಅದಕ್ಕಾಗಿ ನೀವು ಎಳೆಯುತ್ತೀರಿ. 30 ಡಿಗ್ರಿ ಬ್ಯಾಂಕಿನಲ್ಲಿ (ವಿಮಾನ ಪಕ್ಕಕ್ಕೆ ವಾಲಿದ ಕೋನ) ಸ್ಟಾಲ್ ಸ್ಪೀಡ್ 48ರಿಂದ ಸುಮಾರು 52ಕ್ಕೆ ಏರುತ್ತದೆ. 45 ಡಿಗ್ರಿಯಲ್ಲಿ 57. 60 ಡಿಗ್ರಿಯಲ್ಲಿ ರೆಕ್ಕೆಯ ಮೇಲೆ ಎರಡು ಪಟ್ಟು ಭಾರ, ಸ್ಟಾಲ್ ಸ್ಪೀಡ್ 68. ನಿಮ್ಮ 65 ಎಲ್ಲಿ ಉಳಿಯಿತು? ಗಮನಿಸಿ, ಬ್ಯಾಂಕ್ ತಾನಾಗಿ ಯಾರನ್ನೂ ಸ್ಟಾಲ್ ಮಾಡುವುದಿಲ್ಲ. ಎಳೆಯದೆ, ಮೂತಿ ಇಳಿಯಲು ಬಿಟ್ಟು ತಿರುಗಿದರೆ ಅದೇ 60 ಡಿಗ್ರಿಯಲ್ಲೂ ರೆಕ್ಕೆ ಹಾರುತ್ತಿರುತ್ತದೆ. ಏರೋಬ್ಯಾಟಿಕ್ಸ್ ಮಾಡುವವರು ಯೋಕಿನ ಮೇಲಿನ ಎಳೆತ ಬಿಟ್ಟು, ಈ ಅಂಕಿಗಿಂತ ಎಷ್ಟೋ ಕಡಿಮೆ ವೇಗದಲ್ಲಿ ಸ್ಟಾಲ್ ಆಗದೆ ಬರುತ್ತಾರೆ.

ಬೇಸ್‌ನಿಂದ ಫೈನಲ್‌ಗೆ ತಿರುಗುವಾಗಲೇ ಯಾಕೆ ಕೂಗುತ್ತಾರೆ? ಎಡಗಡೆ ಸರ್ಕ್ಯೂಟ್ (ಎಡಕ್ಕೆ ತಿರುಗುತ್ತಾ ರನ್‌ವೇಗೆ ಹಾಕುವ ಸುತ್ತು) ಅಂದುಕೊಳ್ಳಿ. ಬೇಸ್‌ನಲ್ಲಿ ಬೆನ್ನಿಗೆ ಗಾಳಿ ಇದೆ. ತಿರುವು ತಡವಾಯಿತು, ರನ್‌ವೇಯ ಗೆರೆ ದಾಟಿ ಹೋಗುತ್ತಿದ್ದೀರಿ. ಜಾಸ್ತಿ ಬ್ಯಾಂಕ್ ಹಾಕಬಾರದು ಎಂದು ಯಾರೋ ಹೇಳಿದ್ದು ನೆನಪಾಗುತ್ತದೆ. ಆಗ ಎಡಗಾಲು ತಾನಾಗಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತುತ್ತದೆ, ಮೂತಿ ರನ್‌ವೇ ಕಡೆ ತಿರುಗಲಿ ಅಂತ. ಹೊರಗಿನ ಬಲ ರೆಕ್ಕೆ ವೇಗವಾಗಿ ಹೋಗಿ ಮೇಲೇಳುತ್ತದೆ, ಬ್ಯಾಂಕ್ ಜಾಸ್ತಿಯಾಗುತ್ತದೆ. ನೀವು ಯೋಕನ್ನು ಬಲಕ್ಕೆ ತಿರುಗಿಸುತ್ತೀರಿ. ಎಡ ರೆಕ್ಕೆಯ ಏಲರಾನ್ (ವಿಮಾನವನ್ನು ವಾಲಿಸುವ ಹಿಂದಂಚಿನ ಹಲಗೆ) ಕೆಳಗಿಳಿದು ಅಲ್ಲಿನ ಓರೆ ಇನ್ನೂ ಹೆಚ್ಚುತ್ತದೆ. ಮೂತಿ ಇಳಿಯಿತು ಎಂದು ಎಳೆಯುತ್ತೀರಿ. ಎಡ ರೆಕ್ಕೆ ಮೊದಲು ಸ್ಟಾಲ್ ಆಗಿ ಕೆಳಕ್ಕೆ ಕುಸಿಯುತ್ತದೆ. ಅದು ಸ್ಪಿನ್‌ನ, ಅಂದರೆ ವಿಮಾನ ಗಿರಗಿರ ತಿರುಗುತ್ತಾ ಬೀಳುವುದರ, ಬಾಗಿಲು. ನೀವಿರುವುದು ನೆಲದಿಂದ 500 ಅಡಿಯಲ್ಲಿ. ಒಂದು ಸುತ್ತು ಸ್ಪಿನ್ ಆಗಿ ಹೊರಬರಲು ಕನಿಷ್ಠ 1,000 ಅಡಿ ಇಟ್ಟುಕೊಳ್ಳಿ ಎನ್ನುತ್ತದೆ ಸೆಸ್ನಾ ಕೈಪಿಡಿ. ಲೆಕ್ಕ ನೀವೇ ಮಾಡಿ.

ಇದು ನನ್ನ ಪಕ್ಕದ ಸೀಟಿನಲ್ಲೇ ನಡೆದಿದೆ. ಚುರುಕು ಹುಡುಗ, ಪರೀಕ್ಷೆಗಳಲ್ಲಿ ಮುಂದೆ. ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಬಾಲ್ ಪೂರ್ತಿ ಬಲಕ್ಕೆ ಸರಿದಿತ್ತು, ಅವನ ಕಣ್ಣು ಏರ್‌ಸ್ಪೀಡ್ ಮೀಟರ್ ಮೇಲೆ ನೆಟ್ಟಿತ್ತು. ಸ್ಟಾಲ್ ಎಚ್ಚರಿಕೆಯ ಹಾರ್ನ್ ಪೀ ಎಂದಾಗ ಅವನು 'ಸರ್, 66 ಇದೆ' ಎಂದ. ನಾನು ಯೋಕ್ ಮುಂದಕ್ಕೆ ತಳ್ಳಿ, ರಡ್ಡರ್ ಸರಿಮಾಡಿ, ಪವರ್ ಕೊಟ್ಟು ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡಿದೆ. ಇಳಿದ ಮೇಲೆ ಅರ್ಧ ಗಂಟೆ ನನಗೇ ಮಾತು ಬರಲಿಲ್ಲ. ಅಂದಿನಿಂದ ನನ್ನ ನಿಯಮ ಕಟ್ಟುನಿಟ್ಟು: ಫೈನಲ್ ಗೆರೆ ದಾಟಿದಿರಾ, 30 ಡಿಗ್ರಿಗಿಂತ ಜಾಸ್ತಿ ಬ್ಯಾಂಕ್ ಬೇಕು ಅನ್ನಿಸಿತಾ, ಗೋ ಅರೌಂಡ್. ಬೇರೆ ಇನ್‌ಸ್ಟ್ರಕ್ಟರುಗಳು ನನ್ನದು ಅತಿಯಾಯಿತು ಎನ್ನುತ್ತಾರೆ. ಇರಲಿ. ಇನ್ನೊಂದು ಸರ್ಕ್ಯೂಟಿಗೆ ಆರೇಳು ನಿಮಿಷ ಹೋಗುತ್ತದೆ, ಅಷ್ಟೇ.

ಆ ಹಾರ್ನ್ ವಿಷಯ ಬಂತಲ್ಲ, ಒಂದು ಮಾತು. ಹಾರುವ ಮುನ್ನ ರೆಕ್ಕೆಯ ಮುಂದಂಚಿನ ತೂತಿಗೆ ಶುಭ್ರವಾದ ಕರ್ಚೀಫ್ ಇಟ್ಟು ಗಾಳಿ ಎಳೆದು ಹಾರ್ನ್ ಪರೀಕ್ಷೆ ಮಾಡುತ್ತೀರಿ. ಸುಮ್ನೆ ಮಾಡಿ ಮುಗಿಸಬೇಡಿ, ಯಾಕೆ ಎಂದು ಯೋಚಿಸಿ. ಅದಕ್ಕೂ ಏರ್‌ಸ್ಪೀಡ್ ಮೀಟರಿಗೂ ಸಂಬಂಧವೇ ಇಲ್ಲ. ಓರೆ ಹೆಚ್ಚಾದಾಗ ಆ ತೂತಿನ ಬಳಿ ಒತ್ತಡ ಇಳಿದು, ಗಾಳಿ ಹೊರಗೆ ಎಳೆದುಕೊಂಡು, ಪೀಪಿಯ ಹಾಗೆ ಕೂಗುತ್ತದೆ. ಸ್ಟಾಲ್‌ಗೆ 5ರಿಂದ 10 ನಾಟ್ ಮುಂಚೆ ಎಚ್ಚರಿಸುತ್ತದೆ, ತಿರುವಿನಲ್ಲೂ ಅಷ್ಟೇ. ಮೀಟರ್ 66 ಎನ್ನುತ್ತಿದೆ, ಹಾರ್ನ್ ಕೂಗುತ್ತಿದೆ ಎಂದರೆ ಹಾರ್ನ್ ಮಾತು ಕೇಳಿ.

ದೊಡ್ಡ ವಿಮಾನಗಳಿಗೂ ಇದೇ ನಿಯಮ. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ಗೆ ಬಿತ್ತು. 228 ಜನ ಹೋದರು. ವೇಗ ಅಳೆಯುವ ಪಿಟೋ ಟ್ಯೂಬಿಗೆ ಮಂಜಿನ ಹರಳು ಕಟ್ಟಿ ವೇಗದ ಅಂಕಿಗಳು ಕೆಟ್ಟವು, ಆಟೊಪೈಲಟ್ ಬಿಟ್ಟುಕೊಂಡಿತು. ಪೈಲಟ್ ಸ್ಟಿಕ್ ಹಿಂದಕ್ಕೆ ಎಳೆದರು. ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು. ಅಲ್ಲಿಂದ ಸಮುದ್ರದವರೆಗೆ ಸುಮಾರು ಮೂರೂವರೆ ನಿಮಿಷ. ಇಂಜಿನ್‌ಗಳು ಕೆಲಸ ಮಾಡುತ್ತಿದ್ದವು. ಮೂತಿ ಮೇಲಿತ್ತು. ರೆಕ್ಕೆಯ ಓರೆ 35 ಡಿಗ್ರಿ ದಾಟಿತ್ತು. ಅಷ್ಟು ಹೊತ್ತಿನಲ್ಲಿ ಹೆಚ್ಚಿನ ಪಾಲು ಸ್ಟಿಕ್ ಹಿಂದಕ್ಕೇ ಇತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಬಫಲೊ ಹತ್ತಿರ ಕೋಲ್ಗನ್ 3407 ವಿಮಾನ ಬಿದ್ದಾಗಲೂ ಸ್ಟಾಲ್ ಎಚ್ಚರಿಕೆಗೆ ಕ್ಯಾಪ್ಟನ್ ಎಳೆದಿದ್ದರು. ಅಲ್ಲಿ 50 ಜೀವ. ಮೂತಿ ಇಳಿದಾಗ ಎಳೆಯಬೇಕು ಅನ್ನಿಸುವುದು ಸಾವಿರಾರು ಗಂಟೆ ಹಾರಿದವರಿಗೂ ಬಿಡುವುದಿಲ್ಲ. ನಿಮಗೆ ಆಗಿರುವುದು 14 ಗಂಟೆ.

ಹಾಗಾದರೆ ಏನು ಮಾಡಬೇಕು? ಮೊದಲು ಯೋಕ್ ಮುಂದಕ್ಕೆ. ಓರೆ ಇಳಿಯಲಿ, ಹಾರ್ನ್ ನಿಲ್ಲಲಿ. ಆಮೇಲೆ ಪವರ್, ರೆಕ್ಕೆ ಸಮ. ಎತ್ತರ ಎಷ್ಟು ಹೋಯಿತು ಎಂಬ ಚಿಂತೆ ಕೊನೆಗೆ. ಮೊದಲು ಪವರ್ ಕೊಟ್ಟು ಎತ್ತರ ಉಳಿಸಿಕೊಳ್ಳಿ ಎಂದು ಹಿಂದೆ ಕಲಿಸುತ್ತಿದ್ದರು. ನಾನೂ ಹಾಗೆ ಕಲಿಸಿದ್ದೇನೆ, ಆ ಬೇಸರ ನನಗಿದೆ. ಇನ್ನೂ ಹಾಗೆ ಹೇಳಿಕೊಡುವ ಅರ್ಧ ನಿಮಿಷದ ವಿಡಿಯೊಗಳು ನಿಮ್ಮ ಫೋನಿನಲ್ಲಿದ್ದರೆ ಅಳಿಸಿಬಿಡಿ. ಬಿದ್ದ ರೆಕ್ಕೆಯನ್ನು ಏಲರಾನ್‌ನಿಂದ ಎತ್ತಿ ಎನ್ನುವ ವಿಡಿಯೊ ಇನ್ನೂ ಅಪಾಯ. ಅದು ಸ್ಟಾಲನ್ನು ಸ್ಪಿನ್ ಮಾಡುವ ದಾರಿ.

ಪ್ರಶ್ನೆ: ರೆಕ್ಕೆಯ ಮೇಲಿನ ಗಾಳಿ ಉದ್ದದ ದಾರಿ ಹೋಗಿ ಕೆಳಗಿನ ಗಾಳಿಯ ಜೊತೆಗೇ ಹಿಂದಂಚು ಸೇರಬೇಕು, ಅದಕ್ಕೇ ವೇಗವಾಗಿ ಹೋಗುತ್ತದೆ ಎಂದು ನಮ್ಮ ಕೋಚಿಂಗ್‌ನಲ್ಲಿ ಹೇಳಿದರು. ಸರಿಯೇ? (ದಾವಣಗೆರೆ)

ಉತ್ತರ: ತಪ್ಪು. ಜೊತೆಗೇ ಸೇರಬೇಕು ಎಂದು ಯಾವ ನಿಯಮವೂ ಇಲ್ಲ. ವಿಂಡ್ ಟನೆಲ್‌ನಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿ ಮೊದಲೇ ಬಂದು ಸೇರುತ್ತದೆ. ಮೇಲಿನ ಗಾಳಿ ವೇಗವಾಗಿ ಹೋಗುವುದು, ಅಲ್ಲಿ ಒತ್ತಡ ಕಡಿಮೆ ಇರುವುದು ನಿಜ, ಕೊಟ್ಟ ಕಾರಣ ಮಾತ್ರ ಸುಳ್ಳು. ರೆಕ್ಕೆ ಗಾಳಿಯನ್ನು ಬಗ್ಗಿಸಿ ಕೆಳಕ್ಕೆ ಕಳಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಈ ಕಟ್ಟುಕಥೆ ನಿಜವಾಗಿದ್ದರೆ ವಿಮಾನ ತಲೆಕೆಳಗಾಗಿ ಹಾರುತ್ತಲೇ ಇರಲಿಲ್ಲ. ಪಾಸ್ ಗ್ಯಾರಂಟಿ ಎಂದು ಪ್ರಶ್ನೆ ಉತ್ತರ ಬಾಯಿಪಾಠ ಮಾಡಿಸುವ ಕಡೆ ದುಡ್ಡು ಹಾಕಬೇಡಿ. ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಪರೀಕ್ಷೆಯಲ್ಲಿ 70 ಬಂದರೆ ಸಾಕು, ಗಾಳಿಯಲ್ಲಿ ಉಳಿದ 30 ಕೂಡ ಬೇಕು.

ಪ್ರಶ್ನೆ: ಎದುರುಗಾಳಿಯಿಂದ ಬೆನ್ನುಗಾಳಿಗೆ ತಿರುಗಿದರೆ ವಿಮಾನ ವೇಗ ಕಳೆದುಕೊಂಡು ಸ್ಟಾಲ್ ಆಗುತ್ತದೆಯೇ?

ಉತ್ತರ: ಇಲ್ಲ. ಒಂದೇ ಸಮನೆ ಬೀಸುವ ಗಾಳಿಯ ಜೊತೆಗೇ ವಿಮಾನ ಸಾಗುತ್ತಿರುತ್ತದೆ. ನೆಲ ವೇಗವಾಗಿ ಓಡುವುದನ್ನು ನೋಡಿ ನೀವು ಎಳೆದರೆ ಸ್ಟಾಲ್ ಆಗುತ್ತದೆ.

ಪ್ರಶ್ನೆ: ಇಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆಯೇ?

ಉತ್ತರ: ಬೀಳುವುದಿಲ್ಲ. 172ಎಸ್ 68 ನಾಟ್‌ನಲ್ಲಿ ಪ್ರತಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ.

ಪ್ರಶ್ನೆ: ಮನೆಯ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಸ್ಪಿನ್ ಕಲಿಯಬಹುದೇ?

ಉತ್ತರ: ಬೇಡ.

ಪ್ರಶ್ನೆ: ಬೆಂಗಳೂರಿನಲ್ಲಿ ಮಧ್ಯಾಹ್ನ ಟೇಕ್ಆಫ್‌ಗೆ ರನ್‌ವೇ ಜಾಸ್ತಿ ಹಿಡಿಯುತ್ತದೆ. ಸ್ಟಾಲ್ ಸ್ಪೀಡೂ ಜಾಸ್ತಿ ಆಗುತ್ತದೆಯೇ? (ಯಲಹಂಕ)

ಉತ್ತರ: ಒಳ್ಳೆಯ ಪ್ರಶ್ನೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರದ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ವಿಮಾನಕ್ಕೆ ಅದು ಸುಮಾರು 6,000 ಅಡಿಯ ತೆಳು ಗಾಳಿ. ಮೀಟರಿನಲ್ಲಿ ಸ್ಟಾಲ್ ಅಂಕಿ ಬದಲಾಗುವುದಿಲ್ಲ, ಯಾಕೆಂದರೆ ಅದೇ ತೆಳು ಗಾಳಿ ಪಿಟೋ ಟ್ಯೂಬಿಗೂ ಬಡಿಯುತ್ತದೆ. ಆದರೆ ಅದೇ ಅಂಕಿಗೆ ನಿಜವಾದ ವೇಗ ಶೇಕಡಾ 9ರಷ್ಟು ಜಾಸ್ತಿ, ಇಂಜಿನ್ ಶಕ್ತಿ ಕಡಿಮೆ, ಪ್ರೊಪೆಲ್ಲರ್ ಎಳೆತವೂ ಕಡಿಮೆ. ಏರುವಿಕೆ ಮಂದ. ಬೇಗ ಮೇಲೇರಲಿ ಎಂದು ಎಳೆಯುವುದು ಇಲ್ಲೂ ಅದೇ ತಪ್ಪು. ಟ್ಯಾಂಕ್ ತುಂಬಿಸಿ, ಮೂರನೆಯವರನ್ನು ಕೂರಿಸಿಕೊಂಡು ಬೇಸಿಗೆಯ ಮಧ್ಯಾಹ್ನ ಹೊರಡುವವರನ್ನು ನಾನು ಬಿಡುವುದಿಲ್ಲ. ಬೆಳಿಗ್ಗೆ ಏಳಕ್ಕೆ ಬನ್ನಿ.

ಪ್ರಶ್ನೆ: ನನ್ನ ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ. ಸ್ಟಾಲ್ ಅಭ್ಯಾಸದ ಹಿಂದಿನ ರಾತ್ರಿ ನಿದ್ದೆ ಮಾಡುವುದಿಲ್ಲ. ಆ ಪಾಠ ಬಿಡಿಸಿ ಎಂದು ಕೇಳಬಹುದೇ? (ಹಾಸನ)

ಉತ್ತರ: ಬಿಡಿಸಬೇಡಿ ಅಮ್ಮ. ಅವಳು ಹೆದರುವುದರಲ್ಲಿ ತಪ್ಪಿಲ್ಲ. ಹೆದರಿಕೆಯನ್ನು ಮುಚ್ಚಿಟ್ಟರೆ ಮಾತ್ರ ಕಷ್ಟ, ಹೆದರಿದ ಕೈ ಎಳೆಯುತ್ತದೆ. ಇನ್‌ಸ್ಟ್ರಕ್ಟರಿಗೆ ಅವಳೇ ಹೇಳಲಿ. ನೆಲದಿಂದ 3,000 ಅಡಿಗಿಂತ ಮೇಲೆ ಹೋಗಿ, ಮೊದಲು ಅವರು ಮಾಡಿ ತೋರಿಸಲಿ, ಅವಳು ಬರೀ ಹಾರ್ನ್ ಕೇಳಲಿ. ಮುಂದಿನ ಸಲ ಹಾರ್ನ್ ಬಂದ ತಕ್ಷಣ ಅವಳೇ ಯೋಕ್ ಒಂದಿಷ್ಟು ಮುಂದಕ್ಕೆ ಬಿಡಲಿ. ಎರಡು ಬೆರಳಿನಷ್ಟು ಸಾಕು, ಹಾರ್ನ್ ನಿಲ್ಲುತ್ತದೆ. ಹತ್ತು ಸಲ ಹೀಗೆ ಮಾಡಲಿ, ಆಮೇಲೆ ಪೂರ್ತಿ ಸ್ಟಾಲ್. ಕೂಗಾಡಿ, ಅವಸರ ಮಾಡಿ ಕಲಿಸುವವರು ಸಿಕ್ಕಿದ್ದರೆ ಇನ್‌ಸ್ಟ್ರಕ್ಟರನ್ನು ಬದಲಿಸಿಕೊಡಿ ಎಂದು ನೀವೇ ಕೇಳಿ. ಹಾಗೆ ಕೇಳುವ ಹಕ್ಕು ಫೀಸ್ ಕಟ್ಟಿದ ನಿಮಗಿದೆ.