ಹಾಲಿನ ಲೆಕ್ಕದ ಪಕ್ಕದ ಗೆರೆಗಳು

ಆಕೆಯನ್ನು ಸರೋಜಾ ಎನ್ನೋಣ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 29, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಆಪ್ತಸಲಹೆಗೆಂದು ಗಂಡನೊಂದಿಗೆ ನನ್ನ ಬಳಿ ಬಂದಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ‘ಆತಂಕ, ಆಪ್ತಸಲಹೆ ಬೇಕು’ ಎಂದಿತ್ತು.

ಹನ್ನೊಂದು ವರ್ಷಗಳಿಂದ ಮುಟ್ಟಿಗೆ ಎರಡು ದಿನ ಮೊದಲೇ ಕಿಬ್ಬೊಟ್ಟೆ ಹಿಂಡುವ ನೋವು. ‘ಹೆಣ್ಣಾದ ಮೇಲೆ ಇದ್ದದ್ದೇ’ ಎಂದರು ತಾಯಿ. ‘ಮಗುವಾದರೆ ಸರಿಹೋಗುತ್ತದೆ’ ಎಂದರು ವೈದ್ಯರು. ‘ಟಾರ್ಗೆಟ್ ಹೆಚ್ಚಿಸಿದ ದಿನವೇ ನಿನಗೆ ಹೊಟ್ಟೆನೋವು’ ಎಂದ ಸೂಪರ್‌ವೈಸರ್.

ನಾನೇನು ಮಾಡಿದೆ? ಆಕೆ ಎದುರಿಗೇ ಕೂತಿರುವಾಗ, ‘ಇವರಿಗೆ ಯಾವಾಗಿನಿಂದ ಹೀಗೆ?’ ಎಂದು ಗಂಡನನ್ನು ಕೇಳಿದೆ! ಕೇಳಿ ಮುಗಿಸಿದ ಮೇಲೆ ನಾಚಿಕೆಯಾಯಿತು.

ಸರೋಜಾ ಮಾತನಾಡಲಿಲ್ಲ. ಚೀಲದಿಂದ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ದಿನದ ಚೌಕಗಳಲ್ಲಿ ಅರ್ಧ ಲೀಟರ್, ಒಂದು ಲೀಟರ್ ಎಂದು ಹಾಲಿನ ಲೆಕ್ಕ. ಅದರ ಪಕ್ಕದಲ್ಲಿ ಕೆಂಪು ಪೆನ್ನಿನ ಗೆರೆಗಳು. ಒಂದು ಗೆರೆ ಎಂದರೆ ಮಾತ್ರೆ ನುಂಗಿದ ದಿನ. ಎರಡೆಂದರೆ ಅರ್ಧ ಪಾಳಿಗೇ ಮನೆಗೆ ಬಂದ ದಿನ. ವೈದ್ಯರಿಗೂ ತೋರಿಸಿದ್ದರಂತೆ. ಅವರು ಕಣ್ಣೆತ್ತಿ ನೋಡಲಿಲ್ಲ. ಅದೇ ಸಂಗತಿಯನ್ನು ಗಂಡ ಹೇಳಿದಾಗ ಮಾತ್ರ ಬರೆದುಕೊಂಡರು.

ನಾನು ಹೇಳಿದ್ದು ಇಷ್ಟು. ನಿಮ್ಮ ಆತಂಕ ನೋವಿಗೆ ಕಾರಣವಲ್ಲ, ನೋವನ್ನು ಯಾರೂ ನಂಬದೆ ಹುಟ್ಟಿದ್ದು. ಇದು ಎಂಡೊಮೆಟ್ರಿಯೋಸಿಸ್ ಇರಬಹುದು. ಖಚಿತಪಡಿಸಬೇಕಾದವರು ಸ್ತ್ರೀರೋಗ ತಜ್ಞರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 10 ಮಂದಿಗೆ, ಅಂದರೆ 19 ಕೋಟಿ ಜನರಿಗೆ ಇದಿದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ ಇದು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಇರಬಹುದು, ಆದ್ದರಿಂದ ‘ರಿಪೋರ್ಟ್ ನಾರ್ಮಲ್’ ಎಂದೊಡನೆ ಎದ್ದು ಬರಬೇಡಿ. ಎಷ್ಟು ದಿನದ ಕೂಲಿ ಹೋಯಿತೆಂದು ಲೆಕ್ಕ ಹೇಳಿ, ಅದನ್ನು ಚೀಟಿಯಲ್ಲಿ ಬರೆಯಲು ಕೇಳಿ.

ಗಂಡನನ್ನೂ ಕರೆದುಕೊಂಡು ಹೋಗಿ ಎಂದೆ. ಈ ಸಲಹೆ ಕೊಡಲು ನನಗೆ ಇಷ್ಟವಿರಲಿಲ್ಲ. ಹೆಂಡತಿಯ ಹೊಟ್ಟೆಗೆ ಗಂಡನ ಸಾಕ್ಷಿಯೇ? ಆದರೆ ಲೋಕ ತಿದ್ದಿಕೊಳ್ಳುವವರೆಗೆ ಆಕೆ ನರಳುತ್ತಾ ಕೂರಲಾಗದು. ಗಂಡನಿಗೆ ಮಾತ್ರ ಒಂದು ಷರತ್ತು ಹಾಕಿದೆ: ಪ್ರಶ್ನೆ ನಿಮ್ಮತ್ತ ಬಂದರೆ ಉತ್ತರಿಸಬೇಡಿ.

ಮೂರು ವಾರಗಳ ನಂತರ ಸರೋಜಾ ಒಬ್ಬರೇ ಬಂದರು. ಹೊಸ ವೈದ್ಯೆಯೂ ಮೊದಲು ಗಂಡನ ಕಡೆಗೇ ತಿರುಗಿದರಂತೆ. ‘ಅವಳನ್ನೇ ಕೇಳಿ ಮೇಡಂ’ ಎಂದು ಅವರು ಸುಮ್ಮನಾದರಂತೆ. ಎಂಆರ್‌ಐ ಬರೆದುಕೊಟ್ಟಿದ್ದಾರೆ. ಚೀಟಿಯ ಮೊದಲ ಸಾಲಿನಲ್ಲೇ ‘11 ವರ್ಷಗಳಿಂದ ನೋವು’ ಎಂದಿದೆ.

ಹೊರಡುವಾಗ ನನ್ನ ಕಡತದಲ್ಲಿದ್ದ ಕ್ಯಾಲೆಂಡರ್ ಹಾಳೆಗಳನ್ನು ವಾಪಸ್ ಕೇಳಿದರು. ಹಾಲಿನವನ ಬಾಕಿ ಇನ್ನೂ ತೀರಿಲ್ಲವಂತೆ.